ಕೆಲಸ ಕಲಿಯುವ ವರ್ಷಕ್ಕೆ ಬೆಲೆ ಎಷ್ಟು?

ಪೀಣ್ಯದಲ್ಲೋ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲೋ ಯಾವುದಾದರೂ ಮಷೀನ್ ಶಾಪಿಗೆ ಹೋಗಿ ಅರ್ಧ ದಿನ ನಿಂತರೆ, ಒಂದೇ ಸಿಎನ್‌ಸಿ ಲೇತಿನ ಮುಂದೆ ಎರಡು ಬಗೆಯ ಕೆಲಸಗಾರರು ಕಣ್ಣಿಗೆ ಬೀಳುತ್ತಾರೆ. ಒಬ್ಬ ಕಬ್ಬಿಣದ ತುಂಡನ್ನು ಚಕ್‌ಗೆ ಕಚ್ಚಿಸಿ, ಬಾಗಿಲೆಳೆದು, ಹಸಿರು ಗುಂಡಿ ಒತ್ತುತ್ತಾನೆ. ಮಷೀನು ನಿಂತ ಮೇಲೆ ಜಾಬ್ ತೆಗೆದು, ಗೇಜ್ ಹಾಕಿ ನೋಡಿ, ಟ್ರೇಯಲ್ಲಿ ಇಡುತ್ತಾನೆ. ಶಿಫ್ಟ್ ಮುಗಿಯುವವರೆಗೆ ಇಷ್ಟೇ. ಇನ್ನೊಬ್ಬ ಆಗೊಮ್ಮೆ ಈಗೊಮ್ಮೆ ಬರುತ್ತಾನೆ. ಹೊಸ ಡ್ರಾಯಿಂಗ್ ಬಂದಾಗ ಅದನ್ನು ಮಷೀನಿನ ಪಕ್ಕಕ್ಕೆ ಅಂಟಿಸಿ, ಟೂಲ್ ಬದಲಿಸಿ, ಮುಟ್ಟಿಸಿ ಆಫ್‌ಸೆಟ್ ಕೊಟ್ಟು, ಪ್ರೋಗ್ರಾಮಿನಲ್ಲಿ ಎರಡು ಸಾಲು ತಿದ್ದಿ, ಮೊದಲ ತುಂಡನ್ನು ಕೈ ಬಿಗಿಹಿಡಿದು ನಿಧಾನವಾಗಿ ಓಡಿಸುತ್ತಾನೆ. ಮೈಕ್ರೋಮೀಟರಿನಲ್ಲಿ ಅಳತೆ ಕೂತ ಮೇಲೆ ‘ಸರಿ, ಹೊಡಿ’ ಎಂದು ಹೇಳಿ ಮುಂದಿನ ಮಷೀನಿಗೆ ಹೋಗುತ್ತಾನೆ. ಮೊದಲಿನವನು ಆಪರೇಟರ್, ಎರಡನೆಯವನು ಸೆಟ್ಟರ್.

ಇಬ್ಬರೂ ಒಂದೇ ಐಟಿಐಯಲ್ಲಿ, ಒಂದೇ ಬೆಂಚಿನಲ್ಲಿ ಕೂತವರಾಗಿರಬಹುದು. ಆದರೆ ಆಪರೇಟರಿನ ಸಂಬಳ ಕನಿಷ್ಠ ವೇತನದ ಆಸುಪಾಸಿನಲ್ಲೇ ಸುತ್ತುತ್ತಿರುತ್ತದೆ. ಓಟಿ ಮಾಡಿದರೆ ಕೈಗೆ ನಾಲ್ಕು ಕಾಸು ಹೆಚ್ಚು, ಅಷ್ಟೆ. ಸೆಟ್ಟರ್ ಬೇರೆ ಕಡೆ ಹೋಗುತ್ತೇನೆಂದು ಸುಮ್ಮನೆ ಬಾಯಿಬಿಟ್ಟರೂ ಮಾಲೀಕರು ಆಫೀಸಿಗೆ ಕರೆದು ಕೂರಿಸಿ, ಟೀ ತರಿಸಿ ಮಾತಾಡುತ್ತಾರೆ. ಅಪ್ರೆಂಟಿಸ್‌ಶಿಪ್ ಮಾಡಿದರೆ ಸಂಬಳ ಹೆಚ್ಚುತ್ತದೆಯೇ ಎಂದು ಕೇಳುವವರಿಗೆ ನನ್ನ ಉತ್ತರ ಈ ಎರಡು ಜಾಗಗಳ ನಡುವೆಯೇ ಇದೆ. ಆ ಒಂದು ವರ್ಷ ಹುಡುಗನನ್ನು ಸೆಟ್ಟರ್ ಇರುವ ಕಡೆಗೆ ದಾಟಿಸಿದರೆ ಸಂಬಳ ಹೆಚ್ಚುತ್ತದೆ. ಹಸಿರು ಗುಂಡಿಯ ಮುಂದೆಯೇ ನಿಲ್ಲಿಸಿದ್ದರೆ, ಕೈಗೆ ಬಂದ ಸರ್ಟಿಫಿಕೇಟಿನಲ್ಲಿ ಯಾವ ಮುದ್ರೆಯಿದ್ದರೂ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ.

ದಾಟಿಸುವ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಹಳೇ ಪದ್ಧತಿಯ ತರಬೇತಿ ಕೇಂದ್ರಗಳಲ್ಲಿ ಫಿಟ್ಟರ್ ಹುಡುಗನಿಗೆ ಮೊದಲು ಕೊಡುವುದು ಮೈಲ್ಡ್ ಸ್ಟೀಲಿನ ಒಂದು ತುಂಡು ಮತ್ತು ಒಂದು ಅರ. ಅದನ್ನು ವೈಸಿಗೆ ಕಟ್ಟಿ, ಮೇಲ್ಮೈ ಮಟ್ಟಸವಾಗುವ ತನಕ ಉಜ್ಜಬೇಕು. ಆಮೇಲೆ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದು ನೋಡಬೇಕು. ಅಲಗಿನ ಕೆಳಗೆ ಕೂದಲೆಳೆಯಷ್ಟು ಬೆಳಕು ತೂರಿದರೂ ಮೇಷ್ಟ್ರು ತುಂಡನ್ನು ಹಿಂದಕ್ಕೆ ತಳ್ಳುತ್ತಾರೆ. ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ಒಡೆಯುತ್ತದೆ, ಚರ್ಮ ಗಟ್ಟಿಯಾಗುತ್ತದೆ. ಈ ಕಾಲದಲ್ಲಿ ಕೈಯಲ್ಲಿ ಉಜ್ಜಿ ಯಾರು ಭಾಗ ತಯಾರಿಸುತ್ತಾರೆ ಎಂದು ಹುಡುಗರು ಗೊಣಗುವುದು ಸಹಜ. ಯಾರೂ ತಯಾರಿಸುವುದಿಲ್ಲ. ಆದರೆ ನೂರರಲ್ಲೊಂದು ಮಿಲಿಮೀಟರ್ ಎಂದರೇನು ಎಂಬುದು ಹೀಗೆ ಬೆರಳಿಗೆ ಹತ್ತುತ್ತದೆ. ಮುಂದೆ ಸಿಎನ್‌ಸಿ ಪರದೆಯ ಮೇಲೆ 0.02 ಎಂದು ಆಫ್‌ಸೆಟ್ ತಿದ್ದುವಾಗ ಅವನಿಗೆ ಅದು ಬರೀ ಅಂಕಿಯಾಗಿ ಕಾಣುವುದಿಲ್ಲ.

ಬೆಂಗಳೂರಿಗೆ ಈ ಶಿಸ್ತು ಬಂದದ್ದು ದೊಡ್ಡ ಕಾರ್ಖಾನೆಗಳ ಮೂಲಕ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಎಚ್‌ಎಂಟಿ, ಆಡುಗೋಡಿಯ ಮೈಕೊ, ಎಚ್‌ಎಎಲ್, ಬಿಇಎಲ್ ಎಲ್ಲವೂ ತಮಗೆ ಬೇಕಾದವರನ್ನು ತಾವೇ ತಯಾರು ಮಾಡಿಕೊಂಡವು, ಹೊರಗೆ ಸಿಗುತ್ತಿರಲಿಲ್ಲ. ‘ಮೈಕೊ ಅಪ್ರೆಂಟಿಸ್’ ಎಂದರೆ ಊರಲ್ಲಿ ಹೆಣ್ಣು ಕೊಡುವವರೂ ಒಂದು ಹೆಜ್ಜೆ ಮುಂದೆ ಬರುತ್ತಿದ್ದ ಕಾಲವಿತ್ತು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ), ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾವನ್ನು ಮೂರು ವರ್ಷ ಸಂಸ್ಥೆಯಲ್ಲಿ, ಒಂದು ವರ್ಷ ಕಾರ್ಖಾನೆಯಲ್ಲಿ ಎಂದು ಹಂಚಿತು. ಈ ಕೇಂದ್ರಗಳಲ್ಲಿ ಕಲಿತವರೆಲ್ಲ ಅಲ್ಲಲ್ಲೇ ನಿವೃತ್ತರಾಗಲಿಲ್ಲ. ಎಷ್ಟೋ ಮಂದಿ ಹೊರಬಂದು ಎರಡು ಲೇತು, ಒಂದು ಮಿಲ್ಲಿಂಗ್ ಮಷೀನು ಹಾಕಿಕೊಂಡು ಶೆಡ್ ತೆರೆದರು. ಪೀಣ್ಯದ ಸಣ್ಣ ಕಾರ್ಖಾನೆಗಳ ವಂಶಾವಳಿ ಬಿಡಿಸುತ್ತಾ ಹೋದರೆ ಹಲವು ಕೊಂಬೆಗಳು ಜಾಲಹಳ್ಳಿಗೆ ಹೋಗಿ ಮುಟ್ಟುತ್ತವೆ. ತರಬೇತಿಯ ಲಾಭವನ್ನು ಸಂಬಳದ ಚೀಟಿಯಲ್ಲಿ ಮಾತ್ರ ಹುಡುಕಿದರೆ ಈ ಮಾಲೀಕರು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ.

ಇನ್ನು ಕಾನೂನಿನ ಮಾತು. ನಮ್ಮಲ್ಲಿ ಈ ವಿಷಯದ ಮೊದಲ ಕಾಯ್ದೆ 1850ರದ್ದು. ಅನಾಥ ಮತ್ತು ಬಡ ಮಕ್ಕಳನ್ನು ಕಸುಬು ಕಲಿಯಲು ಒಪ್ಪಂದದ ಮೇಲೆ ಕಟ್ಟಿಹಾಕುವ ಕಾಯ್ದೆ ಅದು. ಈಗ ಜಾರಿಯಲ್ಲಿರುವುದು 1961ರ ಅಪ್ರೆಂಟಿಸ್ ಕಾಯ್ದೆ. ಅದರ 18ನೇ ಕಲಮನ್ನು ಪ್ರತಿ ಐಟಿಐಯ ಗೋಡೆಯ ಮೇಲೆ ಬರೆಸಬೇಕು ಎಂಬುದು ನನ್ನ ಅನಿಸಿಕೆ: ಅಪ್ರೆಂಟಿಸ್ ಆದವನು ತರಬೇತಿ ಪಡೆಯುವವನು, ಕಾರ್ಮಿಕನಲ್ಲ, ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಕಾರ್ಖಾನೆಯ ಆರೋಗ್ಯ, ಸುರಕ್ಷತೆಯ ನಿಯಮಗಳು ಉಂಟು, ಕೆಲಸದ ಹೊತ್ತಿನಲ್ಲಿ ಗಾಯವಾದರೆ ಪರಿಹಾರವೂ ಉಂಟು. ಪಿಎಫ್, ಬೋನಸ್, ಕನಿಷ್ಠ ವೇತನ ಇಲ್ಲ. ಮಂಗಳೂರಿನ ಕ್ಯಾಂಪ್ಕೊ ಸಂಸ್ಥೆಯ ಟ್ರೈನಿಗಳಿಗೆ ಪಿಎಫ್ ಕಟ್ಟಬೇಕೇ ಬೇಡವೇ ಎಂಬ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸಂಸ್ಥೆಯ ಸ್ಥಾಯಿ ಆದೇಶದ ಪ್ರಕಾರ ಸೇರಿದ ಟ್ರೈನಿಗಳೂ ಅಪ್ರೆಂಟಿಸ್‌ಗಳೇ, ಪಿಎಫ್ ಕಾಯ್ದೆಯ ಅರ್ಥದಲ್ಲಿ ನೌಕರರಲ್ಲ ಎಂದು 2006ರಲ್ಲಿ ತೀರ್ಪು ಬಂತು. ದೇಶದ ಉದ್ದಗಲಕ್ಕೂ ಎಚ್‌ಆರ್ ವಿಭಾಗದವರು ಇಂದಿಗೂ ಉಲ್ಲೇಖಿಸುವ ತೀರ್ಪು ಇದು.

ಕಲಿಯುವವನಿಗೆ ಪೂರ್ತಿ ಸಂಬಳ ಯಾಕೆ ಕೊಡಬೇಕು ಎಂಬ ವಾದ ತಪ್ಪೇನಲ್ಲ. ಜರ್ಮನಿಯಲ್ಲೂ ಕೊಡುವುದಿಲ್ಲ. ಆದರೆ ಎಷ್ಟು ಕಡಿಮೆ ಎಂಬುದರಲ್ಲಿ ನಾವು ಒಂದು ವಿಚಿತ್ರ ದಾರಿ ಹಿಡಿದೆವು. 2014ರ ನಿಯಮದ ಪ್ರಕಾರ ಸ್ಟೈಪೆಂಡನ್ನು ಆಯಾ ರಾಜ್ಯದ ಅರೆಕುಶಲ ಕಾರ್ಮಿಕರ ಕನಿಷ್ಠ ವೇತನಕ್ಕೆ ಗಂಟು ಹಾಕಲಾಗಿತ್ತು: ಮೊದಲ ವರ್ಷ ಶೇ 70, ಎರಡನೇ ವರ್ಷ ಶೇ 80, ಮೂರನೇ ವರ್ಷ ಶೇ 90. ಕನಿಷ್ಠ ವೇತನ ಏರಿದ ಹಾಗೆ ಇದೂ ತಾನಾಗಿ ಏರುತ್ತಿತ್ತು. 2019ರಲ್ಲಿ ಆ ಗಂಟು ಬಿಚ್ಚಿ, ದೇಶಕ್ಕೆಲ್ಲ ಒಂದೇ ಮೊತ್ತದ ಪಟ್ಟಿ ಬಂತು. ಐಟಿಐ ಆದವರಿಗೆ ತಿಂಗಳಿಗೆ 7,000 ರೂಪಾಯಿ, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ಇವು ಕನಿಷ್ಠ ಮೊತ್ತಗಳು, ಕಂಪನಿ ಹೆಚ್ಚು ಕೊಡಬಹುದು. ಹಲವು ದೊಡ್ಡ ಕಂಪನಿಗಳು ಕೊಡುತ್ತವೆ ಕೂಡ. ಆದರೆ ಆ ಪಟ್ಟಿ ವರ್ಷಗಟ್ಟಲೆ ಕದಲಲಿಲ್ಲ. ಅಪ್ರೆಂಟಿಸ್ ಮಂಡಳಿಯು ಶೇ 36ರಷ್ಟು ಏರಿಸಿ ಎಂದು ಶಿಫಾರಸು ಮಾಡಿದ್ದು 2025ರ ಮೇ ತಿಂಗಳಲ್ಲಿ. ಏಳು ಸಾವಿರದಲ್ಲಿ ದಾಸರಹಳ್ಳಿಯ ಪಿಜಿಯಲ್ಲಿ ಹಾಸಿಗೆ, ಊಟ, ಬಸ್ ಪಾಸು ಮುಗಿಸಿ ಊರಿಗೆ ಏನು ಕಳಿಸುವುದು? ಹೀಗಾಗಿ ಈ ವರ್ಷವನ್ನು ತಡೆದುಕೊಳ್ಳಬಲ್ಲವನು ಮನೆಯಿಂದ ತಿಂಗಳಿಗೆ ಒಂದಿಷ್ಟು ತರಿಸಿಕೊಳ್ಳಬಲ್ಲವನು ಮಾತ್ರ. ಉಳಿದವನು ಅದೇ ಗೇಟಿನ ಪಕ್ಕದ ಕಾಂಟ್ರಾಕ್ಟರ್ ಹತ್ತಿರ ಹೋಗಿ ಹೆಲ್ಪರ್ ಆಗಿ ಸೇರುತ್ತಾನೆ. ಕೂಡಲೇ ಹೆಚ್ಚು ದುಡ್ಡು ಸಿಗುತ್ತದೆ. ಯಾರಿಗೆ ತರಬೇತಿ ತೀರಾ ಬೇಕಿತ್ತೋ ಅವರೇ ಹೀಗೆ ಹೊರಗುಳಿಯುತ್ತಾರೆ.

ಇತ್ತ ಮಾಲೀಕರ ಕಡೆಗೂ ತಿರುಗೋಣ. ಮೂವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಮೊದಲು ತಪ್ಪಿದರೆ ಜೈಲಿನ ಭಯವಿತ್ತು. 2014ರ ತಿದ್ದುಪಡಿ ಅದನ್ನು ತೆಗೆದು, ಖಾಲಿ ಉಳಿದ ಒಂದು ಜಾಗಕ್ಕೆ ತಿಂಗಳಿಗೆ 500 ರೂಪಾಯಿ, ಮೂರು ತಿಂಗಳ ನಂತರ 1,000 ರೂಪಾಯಿ ದಂಡ ಎಂದಿತು. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರವೇ ಭರಿಸುತ್ತದೆ. ಇಷ್ಟಿದ್ದೂ ಪೀಣ್ಯದ ಸಣ್ಣ ಮಾಲೀಕರ ಬಾಯಲ್ಲಿ ಒಂದೇ ಮಾತು: ‘ಕಲಿಸಿ ಏನು ಸಾರ್ ಪ್ರಯೋಜನ, ಕಲಿತ ಮೇಲೆ ಪಕ್ಕದ ಶೆಡ್ಡಿನೋನು ಎರಡು ಸಾವಿರ ಜಾಸ್ತಿ ಕೊಟ್ಟು ಕರ್ಕೊಂಡು ಹೋಗ್ತಾನೆ.’

ಇದನ್ನು ಬರೀ ಗೊಣಗಾಟ ಎಂದು ತಳ್ಳಿಹಾಕುವಂತಿಲ್ಲ. ಅರ್ಥಶಾಸ್ತ್ರದಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆಯೇ ಇದೆ. ಗ್ಯಾರಿ ಬೆಕರ್ 1964ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತರಬೇತಿಯನ್ನು ಎರಡಾಗಿ ಒಡೆದರು. ಒಂದು, ಯಾವ ಕಾರ್ಖಾನೆಗೆ ಹೋದರೂ ಉಪಯೋಗಕ್ಕೆ ಬರುವ ವಿದ್ಯೆ. ಇನ್ನೊಂದು, ಈ ಒಂದೇ ಕಾರ್ಖಾನೆಯಲ್ಲಿ ನಡೆಯುವ ವಿದ್ಯೆ. ಮೊದಲನೆಯದಕ್ಕೆ ಮಾಲೀಕ ಕೈಯಿಂದ ಖರ್ಚು ಮಾಡಲಾರ, ಫಲ ಹುಡುಗನ ಜೊತೆ ಹೊರಟುಹೋಗುತ್ತದಲ್ಲ. ಆದ್ದರಿಂದ ಕಡಿಮೆ ಸಂಬಳದ ರೂಪದಲ್ಲಿ ಕಲಿಯುವವನೇ ಅದರ ಬೆಲೆ ತೆರುತ್ತಾನೆ ಎಂಬುದು ಅವರ ತರ್ಕ. ಹಾಗಿದ್ದರೆ ಜರ್ಮನಿಯ ಕಂಪನಿಗಳು ಮೂರು, ಮೂರೂವರೆ ವರ್ಷ ಕೈಯಿಂದ ಹಣ ಹಾಕಿ, ಎಲ್ಲಿ ಬೇಕಾದರೂ ನಡೆಯುವ ವಿದ್ಯೆಯನ್ನೇ ಯಾಕೆ ಕಲಿಸುತ್ತವೆ? ಡ್ಯಾರನ್ ಅಸೆಮೊಗ್ಲು ಮತ್ತು ಯೋರ್ನ್-ಸ್ಟೆಫೆನ್ ಪಿಶ್ಕೆ 1998ರಲ್ಲಿ ಒಂದು ಉತ್ತರ ಕೊಟ್ಟರು. ಹುಡುಗ ಎಷ್ಟು ಜಾಣ ಎಂಬುದು ಮೂರು ವರ್ಷ ಪಕ್ಕದಲ್ಲಿ ಇಟ್ಟುಕೊಂಡ ಕಂಪನಿಗೆ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ಬಿಟ್ಟುಬಂದವನನ್ನು ಹೊರಗಿನವರು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ: ಒಳ್ಳೆಯವನಾಗಿದ್ದರೆ ಅವರೇ ಇಟ್ಟುಕೊಳ್ಳುತ್ತಿರಲಿಲ್ಲವೇ? ಆದ್ದರಿಂದ ಹೊರಗೆ ಅವನಿಗೆ ಪೂರ್ತಿ ಬೆಲೆ ಸಿಗುವುದಿಲ್ಲ, ಅವನು ಉಳಿಯುತ್ತಾನೆ, ಕಲಿಸಿದ ಖರ್ಚು ಕಂಪನಿಗೆ ಹಿಂದಿರುಗುತ್ತದೆ. ಇದಕ್ಕೆ ಅವರು ಹುಡುಕಿದ ಸಾಕ್ಷ್ಯ ಸೊಗಸಾಗಿದೆ. ಆಗ ಜರ್ಮನಿಯಲ್ಲಿ ಕಡ್ಡಾಯ ಸೇನಾ ಸೇವೆಯಿತ್ತು. ಸೇನೆಗೆ ಹೋಗಬೇಕಾಗಿ ಬಂದು ಕಂಪನಿ ಬಿಟ್ಟವರ ಮೇಲೆ ಆ ಅನುಮಾನಕ್ಕೆ ಎಡೆಯಿಲ್ಲ. ನೋಡಿದರೆ, ಅವರ ಸಂಬಳ ಕಂಪನಿಯಲ್ಲೇ ಉಳಿದವರಿಗಿಂತಲೂ ಹೆಚ್ಚಿತ್ತು.

ಪೀಣ್ಯಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಇಲ್ಲಿ ಶೆಡ್ಡುಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ, ಯಾವ ಹುಡುಗನ ಕೈ ಹೇಗೆ ಎಂಬುದು ಟೀ ಅಂಗಡಿಯಲ್ಲೇ ಗೊತ್ತಾಗುತ್ತದೆ. ಜರ್ಮನಿಯಲ್ಲಿ ತರಬೇತಿ ಮುಗಿಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನರನ್ನು ಕಲಿಸಿದ ಕಂಪನಿಯೇ ಉಳಿಸಿಕೊಳ್ಳುತ್ತದೆ. ನಮ್ಮಲ್ಲಿ ವರ್ಷ ಮುಗಿದ ದಿನ ಹುಡುಗ ಹೊರಗೆ, ಹೊಸ ಬ್ಯಾಚು ಒಳಗೆ. ಉಳಿಸಿಕೊಳ್ಳುವ ಉದ್ದೇಶವೇ ಇಲ್ಲದ ಕಡೆ ಸೆಟ್ಟಿಂಗ್ ಕಲಿಸಿ ಯಾರಿಗೆ ಏನಾಗಬೇಕು? ಒಂದು ಸ್ಟೇಷನ್ನಿನಲ್ಲಿ ನಿಲ್ಲಿಸಿ ಹನ್ನೆರಡು ತಿಂಗಳು ಒಂದೇ ಕೆಲಸ ಮಾಡಿಸಿದರೆ, ಪಿಎಫ್ ಇಲ್ಲದ, ಯೂನಿಯನ್ ಇಲ್ಲದ, ಬೋನಸ್ ಕೇಳದ ಒಬ್ಬ ಆಪರೇಟರ್ ಅರ್ಧ ಸಂಬಳಕ್ಕೆ ಸಿಕ್ಕಂತಾಯಿತು. ಎಲ್ಲರೂ ಹೀಗೆ ಮಾಡುತ್ತಾರೆಂದು ನಾನು ಹೇಳುತ್ತಿಲ್ಲ; ಆದರೆ ಹೀಗೆ ಮಾಡುವವನಿಗೂ ಮನಸ್ಸಿಟ್ಟು ಕಲಿಸುವವನಿಗೂ ಸರ್ಕಾರದ 1,500 ರೂಪಾಯಿ ಸಮನಾಗಿ ಸಿಗುತ್ತದೆ.

ಹಾಗಾದರೆ ನಿಜವಾದ ತರಬೇತಿ ಸಿಕ್ಕವನಿಗೆ ಸಂಬಳದಲ್ಲಿ ಎಷ್ಟು ಲಾಭ? ಇದನ್ನು ಅಳೆಯುವುದು ಕಾಣುವಷ್ಟು ಸುಲಭವಲ್ಲ. ಚುರುಕಾದ ಹುಡುಗರೇ ಒಳ್ಳೆಯ ಕಂಪನಿಗೆ ಆಯ್ಕೆಯಾಗುತ್ತಾರೆ. ಮುಂದೆ ಅವರು ಹೆಚ್ಚು ಗಳಿಸಿದರೆ ಅದು ತರಬೇತಿಯ ಗುಣವೋ ಹುಡುಗನ ಗುಣವೋ? ಆಸ್ಟ್ರಿಯಾದ ಬಗ್ಗೆ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೊಂದು ಉಪಾಯ ಹುಡುಕಿತು. ದಿವಾಳಿಯೆದ್ದು ಬಾಗಿಲು ಹಾಕಿದ ಕಂಪನಿಗಳ ಅಪ್ರೆಂಟಿಸ್‌ಗಳನ್ನು ಅದು ಹಿಂಬಾಲಿಸಿತು. ಕಂಪನಿ ಮುಳುಗಿದಾಗ ಒಬ್ಬ ಹುಡುಗ ಮೊದಲ ವರ್ಷದಲ್ಲಿದ್ದ, ಇನ್ನೊಬ್ಬ ಕೊನೆಯ ವರ್ಷದಲ್ಲಿದ್ದ. ಯಾರ ತರಬೇತಿ ಎಲ್ಲಿಗೆ ತುಂಡಾಯಿತು ಎಂಬುದಕ್ಕೂ ಅವರ ಬುದ್ಧಿವಂತಿಕೆಗೂ ಸಂಬಂಧವಿರಲಿಲ್ಲ. ಹೆಚ್ಚು ಕಾಲ ಕಲಿತವರು ಮುಂದೆ ಹೆಚ್ಚು ಗಳಿಸಿದರು. ಆ ಹೆಚ್ಚಳ ಶಾಲೆಯಲ್ಲಿ ಕಲಿತ ಅಷ್ಟೇ ಕಾಲಕ್ಕೆ ಸಿಗುವ ಹೆಚ್ಚಳವನ್ನು ಹೋಲುವಂತಿತ್ತು. ಅಂದರೆ ಲಾಭ ಬರೀ ಆಯ್ಕೆಯ ಮಹಿಮೆಯಲ್ಲ, ಕಲಿತದ್ದಕ್ಕೇ ಬೆಲೆಯಿದೆ. ಆಸ್ಟ್ರಿಯಾದಲ್ಲಿ ಕಲಿಸುವುದು ಏನು ಎಂಬುದಕ್ಕೆ ಪಠ್ಯವಿದೆ, ಕೊನೆಗೆ ಹೊರಗಿನವರು ನಡೆಸುವ ಪರೀಕ್ಷೆಯಿದೆ ಎಂಬುದನ್ನು ಮಾತ್ರ ಮರೆಯಬಾರದು.

ಸಂಬಳಕ್ಕೂ ವಿದ್ಯೆಗೂ ನಂಟೇ ಕಡಿದುಹೋದ ಕಥೆ ಬೇಕಿದ್ದರೆ ರೈಲ್ವೆಯನ್ನು ನೋಡಬೇಕು. ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ, ಮೈಸೂರಿನ ಅಶೋಕಪುರಂ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಜಾಗಕ್ಕೆ ಆಯ್ಕೆ ನಡೆಯುವುದು ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಮೇಲೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಇದಕ್ಕೆ ಎಷ್ಟು ಪೈಪೋಟಿ ಎಂಬುದು ಅರ್ಜಿ ಹಾಕಿದವರಿಗೇ ಗೊತ್ತು. ಯಾಕಿಷ್ಟು ಆಸೆ? ಕೋಚ್ ರಿಪೇರಿ ಕಲಿಯುವ ಹಂಬಲಕ್ಕಿಂತ ಹೆಚ್ಚಾಗಿ, ರೈಲ್ವೆಯ ಲೆವೆಲ್ 1 ನೇಮಕಾತಿಯಲ್ಲಿ ತರಬೇತಿ ಮುಗಿಸಿದ ಅಪ್ರೆಂಟಿಸ್‌ಗಳಿಗೆ ಶೇ 20 ಜಾಗ ಮೀಸಲು ಎಂಬ ಕಾರಣಕ್ಕೆ. ಮೂಲವೇತನ 18,000 ರೂಪಾಯಿ, ಮೇಲೆ ತುಟ್ಟಿಭತ್ಯೆ, ಪರ್ಮನೆಂಟ್. ಫಿಟ್ಟರ್ ತರಬೇತಿ ಪಡೆದವನು ಕೊನೆಗೆ ಹಳಿ ನೋಡಿಕೊಳ್ಳುವ ಟ್ರ್ಯಾಕ್‌ಮನ್ ಆಗಿ ಸೇರಿದರೂ ಮನೆಯವರಿಗೆ ಖುಷಿಯೇ. ಅವನ ಆದಾಯ ಏರಿದ್ದು ನಿಜ, ಏರಿಸಿದ್ದು ಸರದಿಯಲ್ಲಿ ಸಿಕ್ಕ ಜಾಗ. ಆ ಶೇ 20 ಸಾಲದು, ಎಲ್ಲರಿಗೂ ಕೆಲಸ ಕೊಡಿ ಎಂದು 2018ರ ಮಾರ್ಚ್ 20ರಂದು ಮುಂಬೈಯ ಮಾಟುಂಗ ಬಳಿ ಅಪ್ರೆಂಟಿಸ್ ಮುಗಿಸಿದ ಯುವಕರು ಹಳಿಗಳ ಮೇಲೆ ಕೂತಾಗ ಬೆಳಗಿನ ಲೋಕಲ್ ರೈಲುಗಳು ಗಂಟೆಗಟ್ಟಲೆ ನಿಂತವು.

ಕಾನೂನು ಅವರಿಗೆ ಅಂಥ ಭರವಸೆ ಕೊಟ್ಟಿರಲಿಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡುವ ಹೊಣೆ ಮಾಲೀಕನ ಮೇಲಿಲ್ಲ ಎಂಬುದು ಮೊದಲಿನಿಂದಲೂ ಇದ್ದ ನಿಯಮ. 2014ರಲ್ಲಿ ಅದನ್ನು ‘ಪ್ರತಿ ಸಂಸ್ಥೆಯೂ ತನ್ನದೇ ನೇಮಕಾತಿ ನೀತಿ ಮಾಡಿಕೊಳ್ಳಲಿ’ ಎಂಬಲ್ಲಿಗೆ ತಂದು ನಿಲ್ಲಿಸಿದರು. ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು, ಉಳಿದೆಲ್ಲ ಸಮನಿದ್ದರೆ ತರಬೇತಿ ಪಡೆದವನಿಗೆ ನೇರವಾಗಿ ಬಂದವನಿಗಿಂತ ಆದ್ಯತೆ ಇರಲಿ ಎಂದಿತ್ತು. ಅದೂ ಆದ್ಯತೆಯೇ ಹೊರತು ಹಕ್ಕಲ್ಲ.

ಇನ್ನು ದೀರ್ಘಕಾಲದ ಮಾತು. ಕಸುಬಿನ ಶಿಕ್ಷಣ ಪಡೆದವರಿಗೆ ಬೇಗ ಕೆಲಸ ಸಿಗುತ್ತದೆ, ಆದರೆ ವಯಸ್ಸಾದಂತೆ ಆ ಮುನ್ನಡೆ ಕರಗಿ, ಸಾಮಾನ್ಯ ಶಿಕ್ಷಣದವರು ಮುಂದೆ ಹೋಗುತ್ತಾರೆ ಎಂದು ಎರಿಕ್ ಹನುಶೆಕ್ ಮತ್ತು ಸಂಗಡಿಗರು 2017ರಲ್ಲಿ ಹಲವು ದೇಶಗಳ ಅಂಕಿಅಂಶ ನೋಡಿ ಬರೆದರು. ಅಪ್ರೆಂಟಿಸ್ ಪದ್ಧತಿ ಬಲವಾಗಿರುವ ಜರ್ಮನಿ, ಡೆನ್ಮಾರ್ಕ್, ಸ್ವಿಟ್ಜರ್ಲೆಂಡಿನಲ್ಲೇ ಇದು ಹೆಚ್ಚು ಎದ್ದು ಕಂಡಿತಂತೆ. ತಂತ್ರಜ್ಞಾನ ಬದಲಾದಾಗ ಕಿರಿದಾದ ವಿದ್ಯೆ ಮೊದಲು ಹಳೆಯದಾಗುತ್ತದೆ. ಇದು ನಮಗೆ ಹೊಸ ಪಾಠವೇನಲ್ಲ. ಕೈ ಲೇತುಗಳು ಹೋಗಿ ಸಿಎನ್‌ಸಿ ಬಂದಾಗ ಬೆಂಗಳೂರಿನ ಎಷ್ಟು ಟರ್ನರ್‌ಗಳು ಒಂದೇ ಸಲಕ್ಕೆ ಮುದುಕರಾದರು! ಡ್ರಾಯಿಂಗ್ ಓದಲು, ಟ್ರಿಗನಾಮೆಟ್ರಿ ಲೆಕ್ಕ ಹಾಕಲು ಬರುತ್ತಿದ್ದವರು ಮಾತ್ರ ಹೊಸ ಮಷೀನಿಗೆ ದಾಟಿಕೊಂಡರು.

ಆದ್ದರಿಂದ ಕೈಕೆಲಸದ ಜೊತೆ ಓದಿನ ಬಾಗಿಲು ತೆರೆದಿಟ್ಟುಕೊಳ್ಳುವುದು ಮುಖ್ಯ. ಕರ್ನಾಟಕದಲ್ಲಿ ಆ ಬಾಗಿಲು ಇದೆ, ಬಳಸುವವರು ಕಡಿಮೆ. ಎರಡು ವರ್ಷದ ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಆದವನು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಅಪ್ರೆಂಟಿಸ್ ಮುಗಿಸಿ, ಎರಡು ವರ್ಷ ದುಡಿದು, ಸಂಜೆ ಪಾಲಿಟೆಕ್ನಿಕ್ಕಿಗೆ ಹೋಗಿ ಸೂಪರ್‌ವೈಸರ್ ಆದವರು ಹಳೇ ಕಾರ್ಖಾನೆಗಳಲ್ಲಿ ಕಡಿಮೆಯೇನಿರಲಿಲ್ಲ. ಈಚೆಗೆ 4,600 ಕೋಟಿ ರೂಪಾಯಿಗೂ ಹೆಚ್ಚು ಖರ್ಚಿನಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ರೋಬೋಟು, ಸಿಎನ್‌ಸಿ ಎಲ್ಲ ಬಂದಿವೆ. 2022ರ ಜೂನ್‌ನಲ್ಲಿ ಪ್ರಧಾನಿಯೇ ಅವನ್ನು ಉದ್ಘಾಟಿಸಿದರು. ಮಷೀನು ಕೊಳ್ಳುವುದಕ್ಕೆ ಒಂದು ಟೆಂಡರ್ ಸಾಕು. ಅದರ ಪಕ್ಕದಲ್ಲಿ ನಿಂತು ತುಂಡನ್ನು ಹಿಂದಕ್ಕೆ ತಳ್ಳುವ ಮೇಷ್ಟ್ರನ್ನು ತಯಾರು ಮಾಡುವುದಕ್ಕೆ ಹತ್ತಾರು ವರ್ಷ ಬೇಕು.

ಮಗನನ್ನೋ ಮಗಳನ್ನೋ ಅಪ್ರೆಂಟಿಸ್‌ಗೆ ಕಳಿಸುವ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ಕೇಳುವುದು ಎರಡೇ: ತಿಂಗಳಿಗೆ ಎಷ್ಟು ಕೊಡುತ್ತಾರೆ, ಪರ್ಮನೆಂಟ್ ಮಾಡುತ್ತಾರಾ. ಇನ್ನೂ ಕೆಲವನ್ನು ಕೇಳಬೇಕು. ಒಪ್ಪಂದ ಸರ್ಕಾರಿ ಪೋರ್ಟಲಿನಲ್ಲಿ ನೋಂದಣಿಯಾಗಿದೆಯೇ, ಅಥವಾ ಕಂಪನಿ ತಾನಾಗಿಯೇ ‘ಟ್ರೈನಿ’ ಎಂದು ಹೆಸರಿಟ್ಟಿದೆಯೇ? ಅದರಲ್ಲಿ ಬರೆದ ಟ್ರೇಡ್ ಯಾವುದು, ಕೊಡುತ್ತಿರುವ ಕೆಲಸ ಯಾವುದು? ಮೂರು ತಿಂಗಳಿಗೊಮ್ಮೆಯಾದರೂ ವಿಭಾಗ ಬದಲಿಸುತ್ತಾರೆಯೇ? ಕೊನೆಯ ಪರೀಕ್ಷೆಗೆ ಕಟ್ಟಿಸುತ್ತಾರೆಯೇ? ಎಲ್ಲಕ್ಕಿಂತ ಮೊದಲು, ಹೋದ ವರ್ಷದ ಬ್ಯಾಚಿನವರು ಈಗ ಎಲ್ಲಿದ್ದಾರೆ ಎಂದು ಕೇಳಿ, ಅವರಲ್ಲಿ ಇಬ್ಬರ ಹತ್ತಿರ ಮಾತಾಡಿಸಿ ಎನ್ನಿ. ನಾಲ್ಕು ಮಷೀನು ಸೆಟ್ ಮಾಡಬಲ್ಲವರು ಸಿಕ್ಕರೆ ಏಳು ಸಾವಿರಕ್ಕೂ ಧೈರ್ಯವಾಗಿ ಕಳಿಸಬಹುದು. ಎಚ್‌ಆರ್‌ನವರು ‘ಆಮೇಲೆ ಹೇಳ್ತೀವಿ’ ಎಂದು ಮಾತು ತೇಲಿಸಿದರೆ, ಆ ರಸ್ತೆಯಲ್ಲಿ ಇನ್ನೂ ಬೇಕಾದಷ್ಟು ಗೇಟುಗಳಿವೆ.